ಎಣ್ಣೆಯೊಳಗಿನ ಬೆಲ್ಟು

ಡ್ರೈವಿಂಗ್ ಕಲಿಯಲು ಬರುವವರು ಅವಳನ್ನು ಬೆನ್ನ ಹಿಂದೆ ‘ಬ್ರೇಕಮ್ಮ’ ಅನ್ನುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು, ಅವರಿಗಿಂತ ಮೊದಲೇ ತನ್ನ ಕಡೆಯ ಬ್ರೇಕು ಒತ್ತಿಬಿಡುತ್ತಿದ್ದಳಲ್ಲ, ಅದಕ್ಕೆ. ಆ ಬೆಳಿಗ್ಗೆ ಒಂದು ತಿರುವಿನಲ್ಲಿ ಎಣ್ಣೆ ಒತ್ತಡದ ಕೆಂಪು ದೀಪ ಮಿಣುಕಿತು. ಸ್ಟೀರಿಂಗ್ ಹಿಡಿದಿದ್ದ ಶಿಷ್ಯೆ ನರ್ಸಮ್ಮ ಅದನ್ನು ಗಮನಿಸುವಷ್ಟರಲ್ಲಿ ಬ್ರೇಕಮ್ಮ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿಯಾಗಿತ್ತು.

ಕಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ತಂಗಿಯ ಗ್ಯಾರೇಜು ಮುಟ್ಟಿದಳು. ಇದ್ದದ್ದು ಅದೊಂದೇ ಕಾರು. ನಾಲ್ಕು ಜನ ಮೂರು ತಿಂಗಳಿಂದ ಅದರಲ್ಲೇ ಕಲಿತಿದ್ದರು. ಸೋಮವಾರ ಅವರಿಗೆ ಲೈಸೆನ್ಸ್ ಪರೀಕ್ಷೆ.

ತಂಗಿ ಎಂಜಿನ್ನಿಗೆ ಎಣ್ಣೆ ಸುರಿಯುವ ಬಾಯಿಯ ಮುಚ್ಚಳ ತೆಗೆದು ಟಾರ್ಚು ಬಿಟ್ಟಳು. ಒಳಗೆ ಎಣ್ಣೆಯಲ್ಲಿ ತೊಯ್ದ ಕಪ್ಪು ಬೆಲ್ಟು ಕಂಡಿತು. ಕವಲಿನಂಥ ಒಂದು ಅಳತೆಪಟ್ಟಿಯನ್ನು ಅದಕ್ಕೆ ಹಿಡಿದಳು. ಬೆಲ್ಟು ಕವಲಿನೊಳಗೆ ಕೂರಲೇ ಇಲ್ಲ.

“ಊದಿದೆ ಕಣೇ ಅಕ್ಕ.”

“ಹರಿದಿದ್ರೆ?”

“ಹರಿದಿದ್ರೆ ಪಿಸ್ಟನ್ನೂ ವಾಲ್ವೂ ತಾಳ ತಪ್ಪಿ ಗುದ್ದಾಡ್ಕೊಂಡು ಎಂಜಿನ್ ಗೋವಿಂದ.” ತಂಗಿ ಕೈ ಒರೆಸಿಕೊಂಡಳು. “ಹಳೇ ಎಂಜಿನ್ನಲ್ಲಿ ಈ ಜಾಗದಲ್ಲಿ ಸರಪಳಿ ಇರ್ತಿತ್ತು. ಇಲ್ಲಾ ಬೆಲ್ಟು ಹೊರಗಡೆ ಒಣಗಿರೋ ಕಡೆ ಇರ್ತಿತ್ತು. ಸದ್ದು ಕಮ್ಮಿ ಆಗ್ಲಿ, ಪೆಟ್ರೋಲ್ ಉಳೀಲಿ ಅಂತ ಇದರಲ್ಲಿ ಎಣ್ಣೇಲೇ ಮುಳುಗಿಸಿದಾರೆ. ರಬ್ಬರನ್ನ ಎಣ್ಣೇಲಿ ನೆನೆಹಾಕಿ ‘ಹತ್ತು ವರ್ಷ ಬಾಳಪ್ಪಾ’ ಅಂದ್ರೆ ಏನು ಮಾಡೀತು ಪಾಪ? ಅದಕ್ಕೇ ಅಂತ ಮಾಡಿದ ಎಣ್ಣೆ ಹಾಕ್ತಿದ್ರೆ ಹೇಗೋ ಬಾಳುತ್ತೆ. ಬೇರೇದು ಹಾಕಿದ್ರೆ ಊದಿ ಚೂರುಚೂರಾಗಿ ಉದುರುತ್ತೆ. ಉದುರಿದ್ದು ತಳದಲ್ಲಿ ಎಣ್ಣೆ ಹೀರೋ ಜರಡಿಗೆ ಮೆತ್ಕೊಂಡ್ರೆ ಎಣ್ಣೆ ಮೇಲೇರಲ್ಲ. ನಿನ್ನ ದೀಪ ಮಿಣುಕಿದ್ದು ಅದಕ್ಕೇ.”

“ಮಾಡಿದವರಿಗೆ ಬುದ್ಧಿ ಬೇಡ್ವಾ!” ಎಂದಳು ಬ್ರೇಕಮ್ಮ, ಸ್ವಲ್ಪ ಜೋರಾಗಿಯೇ.

“ಅವರದ್ದಿರಲಿ. ನಾನು ಕೊಟ್ಟ ಡಬ್ಬದ್ದೇ ತಾನೇ ಹಾಕ್ತಿದ್ದೆ?”

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ತಂಗಿ ಅನುಮಾನಪಡುತ್ತಿರಲಿಲ್ಲ. ಆದರೆ ಹೊಸ ಬೆಲ್ಟಿಗೂ ಅದೇ ಗತಿಯಾದರೆ? ಬ್ರೇಕಮ್ಮ ಗ್ಯಾರೇಜಿನ ನೆಲ ನೋಡಿದಳು.

“ಅದು ನೀರಿನ ಹಾಗೆ ತೆಳ್ಳಗಿತ್ತು. ನನಗೆ ಭಯ ಆಯ್ತು. ಎಲ್ಲಕ್ಕಿಂತ ದಪ್ಪಗಿರೋದನ್ನ ತಂದು ಹಾಕಿದೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟು ಬೇಗ ಬದಲಾಯಿಸ್ತಿದ್ದೆ. ಮೂರು ಸಲ.”

ತಂಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಅಯ್ಯೋ ಮಹಾತಾಯಿ! ಸೋಮಾರಿಗಳ ಕಾರೆಲ್ಲ ಚೆನ್ನಾಗಿ ಓಡ್ತಿದಾವೆ. ನೀನು ಮುದ್ದು ಮಾಡೀ ಮಾಡೀ ಇದನ್ನ ಮುಗಿಸೋಳಿದ್ದೆ!”

“ನಗಬೇಡ್ವೇ. ಉಳಿಯುತ್ತಾ ಹೇಳು.”

“ಕೆಳಗೆ ಬಿಚ್ಚಿ ನೋಡ್ಬೇಕು.”

ಎಣ್ಣೆ ಇಳಿಸಿ ತಳದ ತಟ್ಟೆ ಬಿಚ್ಚಲು ಮಧ್ಯಾಹ್ನವಾಯಿತು. ಜರಡಿಯ ಮುಕ್ಕಾಲು ಭಾಗ ಕರಿ ಚೂರುಗಳಿಂದ ಮುಚ್ಚಿಹೋಗಿತ್ತು. ತಂಗಿ ಬೇರಿಂಗುಗಳನ್ನು ಒಂದೊಂದಾಗಿ ತೆಗೆದು, ಎಣ್ಣೆ ಸಿಗದೆ ಸವೆದಿವೆಯೇ ಎಂದು ಬೆಳಕಿಗೆ ಹಿಡಿದಳು.

“ಒಂದು ಗೀರೂ ಇಲ್ಲ,” ಎಂದಳು ತಂಗಿ ಕೊನೆಗೆ. “ನೀನು ತಕ್ಷಣ ನಿಲ್ಲಿಸಿದ್ದಕ್ಕೆ ಉಳೀತು. ಬೇರೆ ಯಾರಾದ್ರೂ ಆಗಿದ್ರೆ ಮನೆ ತನಕ ಓಡಿಸ್ತಿದ್ರು.”

ಹೊಸ ಬೆಲ್ಟು ಶನಿವಾರ ಬಂತು. ಭಾನುವಾರ ಸಂಜೆ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಕೆಂಪು ದೀಪ ತಕ್ಷಣ ಆರಿತು. ಬ್ರೇಕಮ್ಮ ಹತ್ತು ನಿಮಿಷ ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ನಾಲ್ವರಿಗೂ ಫೋನು ಮಾಡಿ ಬೆಳಿಗ್ಗೆ ಏಳಕ್ಕೆ ಬರಹೇಳಿದಳು.

“ಕಾರಿಗೆ ಏನಾಗಿತ್ತು ಮೇಡಂ?” ಎಂದಳು ನರ್ಸಮ್ಮ.

“ಕಾರಿಗೇನಿಲ್ಲಮ್ಮ. ನಾನೇ ತಪ್ಪು ಎಣ್ಣೆ ಹಾಕಿಬಿಟ್ಟಿದ್ದೆ.”

ಆ ಕಡೆಯಿಂದ ನಗು ಕೇಳಿಸಿತು. ಅವಳಿಗೂ ನಗು ಬಂತು.