ಗುಂಡಿಯ ಪಕ್ಕದ ಬಕೆಟ್

ಬಾಲಮಂದಿರದ ಬಟ್ಟೆ ಒಗೆಯುವ ಕೋಣೆಯಲ್ಲಿ ಆ ಬೆಳಿಗ್ಗೆ ಇಪ್ಪತ್ತೆಂಟು ಹೊದಿಕೆ ಮಡಚಬೇಕಿತ್ತು. ಒಂದು ತುದಿ, ಸಣಕಲಾದ್ದರಿಂದ ಎಲ್ಲರೂ ಕಡ್ಡಿ ಎನ್ನುವ ಹುಡುಗನ ಕೈಯಲ್ಲಿ, ಇನ್ನೊಂದು ವಕೀಲನ ಕೈಯಲ್ಲಿ. ವಕೀಲನೆಂದರೆ ಕೋರ್ಟಿನವನಲ್ಲ, ಮೂರನೇ ಸಲ ಒಳಗೆ ಬಂದ ಹದಿನೇಳರ ಹುಡುಗ, ಎಲ್ಲರ ಕೇಸಿಗೂ ಬಾಯಿ ಹಾಕುವವನು. ಕಡ್ಡಿಗೆ ಹದಿನಾರು ತುಂಬಿ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೇ ಈಗ ಕುತ್ತಿಗೆಗೆ ಬಂದಿತ್ತು.

ಅವನು ರಸ್ತೆಯ ಒಳಚರಂಡಿಯ ಕಬ್ಬಿಣದ ಮುಚ್ಚಳವನ್ನು ಸಲಾಕೆಯಿಂದ ಎಬ್ಬಿಸಿ, ಚಕ್ರದಂತೆ ಉರುಳಿಸಿಕೊಂಡು ಹೋಗಿ ಗುಜರಿಗೆ ಮಾರಿದ್ದ. ಅರ್ಧ ಗಂಟೆ ಕಳೆದಿತ್ತೋ ಇಲ್ಲವೋ, ಮನೆಮನೆಗೆ ಪೇಪರ್ ಹಾಕುವವನ ಸೈಕಲ್ಲಿನ ಮುಂದಿನ ಚಕ್ರ ಆ ಗುಂಡಿಗೆ ಇಳಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಪ್ರಾಣ ಹೋಗಿತ್ತು. ಹದಿನಾರು ದಾಟಿದವರಿಗೆ ಬೇರೆ ನಿಯಮ. ಸಾವಾಗಬಹುದೆಂದು ಹುಡುಗನಿಗೆ ಆಗಲೇ ತಿಳಿದಿತ್ತೇ ಎಂದು ಆಪ್ತಸಮಾಲೋಚಕಿ ಪರೀಕ್ಷಿಸಿ ವರದಿ ಕೊಡಬೇಕು. ತಿಳಿದಿರಲಿಲ್ಲವೆಂದಾದರೆ ಇಲ್ಲೇ ಮೂರು ವರ್ಷ. ತಿಳಿದಿತ್ತೆಂದಾದರೆ ದೊಡ್ಡ ಕೋರ್ಟು, ದೊಡ್ಡವರ ಜೈಲು. ಆ ಪರೀಕ್ಷೆ ಇವತ್ತು ಹನ್ನೊಂದಕ್ಕೆ.

"ಮುಚ್ಚಳ ತೆಗೆದ್ರೆ ಯಾರಾದ್ರೂ ಬೀಳ್ತಾರೆ ಅಂತ ಗೊತ್ತಿರಲಿಲ್ವೇನೋ?" ವಕೀಲ ಸಮಾಲೋಚಕಿಯಂತೆ ಹೆಣ್ಣು ದನಿಯಲ್ಲಿ ಕೇಳಿದ.

"ಹೊಳೀಲಿಲ್ಲ ಮೇಡಂ."

"ಮುಖ ಅಷ್ಟು ಚುರುಕಾಗಿ ಇಟ್ಕೋಬೇಡ ಕಣೋ. ಈ ಒಂದು ಪರೀಕ್ಷೇಲಿ ದಡ್ಡನಿಗೇ ಫಸ್ಟ್ ಕ್ಲಾಸು. ಬಕೆಟ್ ವಿಷಯ?"

"ಎತ್ತಲ್ಲ."

ನೀರು ತರುತ್ತೇನೆಂದು ಹೇಳಿ ಮನೆ ಬಿಟ್ಟಿದ್ದರಿಂದ ಅಂದು ಅವನ ಕೈಯಲ್ಲಿ ಅಮ್ಮನ ಕೆಂಪು ಬಕೆಟ್ ಇತ್ತು. ಮುಚ್ಚಳ ಎದ್ದಮೇಲೆ ಗುಂಡಿಯ ಕಪ್ಪು ಬಾಯಿ ನೋಡಿ ಅವನಿಗೆ ಒಂದು ಥರಾ ಆಯಿತು. ದೂರದಿಂದಲೇ ಕಾಣಲಿ ಎಂದು ಬಕೆಟ್ಟನ್ನು ಅಂಚಿನಲ್ಲಿ ಬೋರಲಾಗಿಟ್ಟು, ಮೇಲೊಂದು ಕಲ್ಲು ಹೇರಿ ಹೋದ. ಆ ಅರ್ಧ ಗಂಟೆಯೊಳಗೆ ಯಾರೋ ಕಲ್ಲು ಕೆಡವಿ ಬಕೆಟ್ ಎತ್ತಿಕೊಂಡು ಹೋಗಿದ್ದರು. ಪೊಲೀಸರ ಕಡತದಲ್ಲಿ ಅದರ ಸುಳಿವೇ ಇರಲಿಲ್ಲ.

"ನನ್ನ ಕೇಳಿದ್ರೆ ಬಕೆಟ್ ಕದ್ದವನೇ ಕೊಲೆಗಾರ," ಎಂದ ವಕೀಲ. "ನೀನು ಬರೀ ಕಳ್ಳ."

"ಅವನಿಗೆ ಗುಂಡಿ ಕಾಣಿಸ್ತೋ ಇಲ್ವೋ. ನನಗೆ ಕಂಡಿತ್ತು."

"ನೋಡು, ಮತ್ತೆ ಬುದ್ಧಿವಂತನಾದೆ!"

ಹತ್ತೂವರೆಗೆ ಕಡ್ಡಿಯ ಅಮ್ಮ ಬಂದಳು. ಆಸ್ಪತ್ರೆಯ ನೆಲ ಒರೆಸುವ ಕೆಲಸದವಳು; ಸಮವಸ್ತ್ರ ಬದಲಿಸದೆಯೇ ಓಡಿಬಂದಿದ್ದಳು. ಭೇಟಿಯ ಕೋಣೆಯ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು: "ಅಂಥದ್ದೇ ಕೆಂಪು ಬಕೆಟ್ ತಂದಿಟ್ಟಿದ್ದೀನಿ ಕಣಪ್ಪಾ. ಯಾರಾದ್ರೂ ಕೇಳಿದ್ರೆ, ನಮ್ಮ ಬಕೆಟ್ ಮನೇಲೇ ಇದೆ."

"ಅಮ್ಮಾ, ನಾನು ಇಟ್ಟಿದ್ದು ಒಳ್ಳೇದಕ್ಕೆ."

"ಒಳ್ಳೇದಕ್ಕೆ ಇಟ್ಟೆ ಅಂದ್ರೆ ಕೆಟ್ಟದ್ದು ಗೊತ್ತಿತ್ತು ಅಂತ ಆಗುತ್ತಂತೆ. ವಕೀಲರು ಹೇಳಿದ್ರು, ನಿಮ್ಮ ವಕೀಲ ಅಲ್ಲ, ಕರೀ ಕೋಟಿನವರು. ನಿನ್ನ ದಮ್ಮಯ್ಯ, ಬಾಯಿ ಬಿಡಬೇಡ. ಆ ದೊಡ್ಡ ಜೈಲಲ್ಲಿ ನೀನು ಒಂದು ವಾರ ಬದುಕಲ್ಲ."

ಅವನು ಆಗಲೆಂದು ತಲೆಯಾಡಿಸಿದ. ಅವಳು ಹೊರಗಿನ ಬೆಂಚಿನಲ್ಲಿ ಕೂತಳು.

ಸಮಾಲೋಚಕಿ ಮೇಡಂಗೆ ಅವಸರವೇ ಇರಲಿಲ್ಲ. ಊಟ, ನಿದ್ದೆ, ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟೆ, ಎಲ್ಲ ಕೇಳಿದರು. ಹನ್ನೆರಡು ಪ್ರಶ್ನೆಗೆ ಅವನು ಚೆನ್ನಾಗಿಯೇ ದಡ್ಡನಾದ. ಆಮೇಲೆ ಅವರು ಕಡತದಿಂದ ಒಂದು ಹಾಳೆ ತೆಗೆದರು.

"ಇದು ತೀರಿಕೊಂಡವರ ಹೆಂಡತಿಯ ಹೇಳಿಕೆ. ಕೇಳಿಸಿಕೋ. 'ತೆಗೆದವನು ತೆಗೆದ. ಒಂದು ಕಲ್ಲನ್ನಾದರೂ ಪಕ್ಕದಲ್ಲಿ ಇಟ್ಟು ಹೋಗಬಾರದಿತ್ತೇ? ಅಷ್ಟರ ಬೆಲೆಯೂ ನಮಗಿಲ್ಲವೇ?'"

ಕಡ್ಡಿ ಗೋಡೆ ನೋಡಿದ. ಹೊಳೀಲಿಲ್ಲ ಎನ್ನಬೇಕಿತ್ತು.

"ಇಟ್ಟಿದ್ದೆ," ಎಂದ.

"ಏನು?"

"ಕಲ್ಲು. ಬಕೆಟ್ ಮೇಲೆ. ಕೆಂಪು ಬಕೆಟ್. ಯಾರೋ ತಗೊಂಡು ಹೋದ್ರು ಮೇಡಂ. ನನ್ನದೇ ತಪ್ಪು. ಒಳ್ಳೇ ಬಕೆಟ್ ಇಡಬಾರದಿತ್ತು, ತೂತು ಮಾಡಿ ಇಡಬೇಕಿತ್ತು. ತೂತಾಗಿದ್ರೆ ಯಾರೂ ಮುಟ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು, ನಾನೇ ಕಳ್ಳ ಅಲ್ವಾ."

ಮೇಡಂ ಪೆನ್ನು ಕೆಳಗಿಟ್ಟರು. "ಯಾಕೆ ಇಟ್ಟೆ? ಯೋಚನೆ ಮಾಡಿ ಹೇಳು. ನೀನು ಹೇಳಿದ್ದನ್ನ ನಾನು ಬರೀಲೇಬೇಕು."

"ಬಿದ್ರೆ ಸಾಯ್ತಾರೆ ಅಂತ."

ಅವರು ಪೆನ್ನು ಮತ್ತೆ ಎತ್ತಿಕೊಂಡರು. ಅವನು ಹೇಳಿದ್ದನ್ನೇ ಬರೆದರು.

"ಇದು ಅವರಿಗೆ ಗೊತ್ತಾಗುತ್ತಾ ಮೇಡಂ? ಪೇಪರ್‌ನವರ ಹೆಂಡತಿಗೆ?"

"ಕೋರ್ಟಲ್ಲಿ ಓದ್ತಾರೆ. ಅವರು ಬಂದಿದ್ರೆ ಕೇಳಿಸುತ್ತೆ." ಎದ್ದು ಬಾಗಿಲು ತೆರೆದರು. "ಅಮ್ಮಾ, ಒಳಗೆ ಬನ್ನಿ. ನಿಮ್ಮ ಮನೇಲಿ ಒಂದು ಕೆಂಪು ಬಕೆಟ್ ಇತ್ತಾ?"

ಅಮ್ಮ ಮಗನ ಮುಖ ನೋಡಿದಳು. ಏನಾಗಿದೆಯೆಂದು ಅವಳಿಗೆ ಅಷ್ಟರಲ್ಲೇ ತಿಳಿಯಿತು.

"ಇತ್ತು ಅಂದ್ರೇನು ಮೇಡಂ, ಈಗಲೂ ಇದೆ. ಬಚ್ಚಲಲ್ಲಿದೆ. ಬೇಕಾದ್ರೆ ಬಂದು ನೋಡಿ."

"ಅಮ್ಮಾ, ಅದು ಹೊಸದು! ಹೊಸದು ಮೇಡಂ ಅದು!"

"ಇವನಿಗೆ ಬುದ್ಧಿ ಅಷ್ಟಕ್ಕಷ್ಟೇ," ಎಂದಳು ಅಮ್ಮ. ಕಣ್ಣಿಂದ ನೀರು ಇಳಿಯುತ್ತಿದ್ದರೂ ದನಿ ಅಲುಗಲಿಲ್ಲ. "ಚಿಕ್ಕಂದಿನಿಂದ ಹೀಗೇ. ಯಾರಾದ್ರೂ ಅತ್ತರೆ ಸಾಕು, ಅವರನ್ನ ಸಮಾಧಾನ ಮಾಡೋಕೆ ಏನಾದ್ರೂ ಕಥೆ ಕಟ್ತಾನೆ."

ಮೇಡಂ ಮೊದಲು ಬರೆದದ್ದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆದು ಗಟ್ಟಿಯಾಗಿ ಓದಿದರು: "ಬಕೆಟ್ ಮನೆಯಲ್ಲೇ ಇದೆ, ಹುಡುಗ ಕಥೆ ಕಟ್ಟುತ್ತಿದ್ದಾನೆ ಎಂದು ತಾಯಿ ಹೇಳಿದ್ದಾರೆ." ಅಮ್ಮನಿಗೆ ಪೆನ್ನು ಕೊಟ್ಟರು. ಅವಳು ಬೇಗ ಬೇಗ ಸಹಿ ಹಾಕಿದಳು.

"ಕೋರ್ಟಲ್ಲಿ ಯಾವ ಸಾಲು ಓದ್ತಾರೆ ಮೇಡಂ?" ಕಡ್ಡಿ ಕೇಳಿದ.

"ಎರಡನ್ನೂ," ಎಂದರು ಅವರು.