ಸುನಂದಮ್ಮನಿಗೆ ನೀರೆರೆದದ್ದು

ಹಂಡೆಯ ನೀರು ಎರಡನೇ ಸಲ ಕುದಿಯತೊಡಗಿದಾಗ ಮುದುಕಿ ರಾಮಮ್ಮ ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದು, ಬೇಲಿಯಾಚೆ ಗುಂಪುಗಟ್ಟಿ ನಿಂತಿದ್ದ ಹೆಂಗಸರ ಕಡೆ ತಿರುಗಿದಳು.

"ಯಾರಾದ್ರೂ ಬರ್ರಮ್ಮೀ. ಎಣಾನ ಎಷ್ಟೊತ್ತು ಅಂತ ಅಂಗೇ ಮಡಿಕ್ಕಂಡಿರಾದು?"

ಯಾರೂ ಅಲುಗಲಿಲ್ಲ. ಎಲ್ಲರೂ ಮೂಗಿಗೆ ಸೆರಗು ಒತ್ತಿಕೊಂಡವರೇ. ಒಳಗೆ ಚಾಪೆಯ ಮೇಲೆ ಸುನಂದಮ್ಮ ಮಲಗಿದ್ದಳು. ಹೋದ ವರ್ಷದವರೆಗೆ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ, ಇವರೆಲ್ಲರ ಮಕ್ಕಳಿಗೆ ಗದರಿ ಗದರಿ ಎರಡನೇ ಸಲ ಬಡಿಸುತ್ತಿದ್ದವಳು. ಬೆಳಗಿನ ಜಾವ ಉಸಿರು ನಿಂತಿತ್ತು.

ಗಂಡನಿಗಿಂತ ಮುಂಚೆ ಹೋದ ಹೆಂಗಸಿನ ಸಾವಿಗೆ ಈ ಸೀಮೆಯಲ್ಲಿ ಒಂದು ಮರ್ಯಾದೆಯಿದೆ. ಮುತ್ತೈದೆಯರೇ ಸೇರಿ ಅರಿಶಿನದ ನೀರೆರೆಯಬೇಕು, ಹಸಿರು ಬಳೆ ತೊಡಿಸಬೇಕು, ಹೂ ಮುಡಿಸಬೇಕು. ಆಮೇಲೆ ಆ ಹಣೆಯ ಕುಂಕುಮವನ್ನು ತಮ್ಮ ಹಣೆಗೆ ಇಟ್ಟುಕೊಳ್ಳಲು ನಾ ಮುಂದು ತಾ ಮುಂದು ಎಂದು ನುಗ್ಗುತ್ತಾರೆ. ರಾಮಮ್ಮನಿಗೆ ಶಾಸ್ತ್ರವೆಲ್ಲ ಗೊತ್ತು, ಆದರೆ ಅವಳು ಗಂಡ ಸತ್ತವಳು. ಅರಿಶಿನ ಮುಟ್ಟುವ ಹಾಗಿಲ್ಲ. ನೀರು ಕಾಯಿಸಿ ಕೂರುವುದಷ್ಟೇ ಅವಳ ಪಾಲಿಗೆ ಬಂದಿತ್ತು.

ಬೇಲಿಗೆ ಅಂಟಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದವಳು ರಾಣಿ. ಅವಳ ಬೆನ್ನ ಹಿಂದೆ ಏಳನೇ ಕ್ಲಾಸಿನ ಮಗಳು ಕಾವ್ಯಶ್ರೀ.

ಜಗಲಿಯ ಮೇಲೆ ಕುಳಿತಿದ್ದ ಸುನಂದಮ್ಮನ ಗಂಡ ಚಲುವಯ್ಯ ಬೆಳಗಿನಿಂದ ಒಂದೇ ಮಾತು ಹೇಳುತ್ತಿದ್ದ. "ಆ ಕಾಯಿಲೆ ಅಲ್ಲ ಕಣ್ರಪ್ಪ. ಎದೇಲಿ ಗಂಟಿತ್ತು. ಮೈಸೂರಿಗೆ ಓಗಿ ಆಪ್ರೇಶನ್ ಮಾಡುಸ್ಕಳಮ್ಮ ಅಂದಿದ್ರು ಉಣ್ಸೂರು ಡಾಕ್ಟ್ರು. ಬಸ್ಸು ಅತ್ತುದ್ರೆ ನೋಡಿ ನಗ್ತಾರೆ, ಅಗೋ ಕಾಯಿಲೆಗೆ ಓಯ್ತಾವ್ಳೆ ಅಂತಾರೆ ಅಂತ ಓಗಾದೇ ಬುಟ್ಬುಟ್ಲು."

ಗಂಡನಾದವನು ಇನ್ನೇನು ಹೇಳಿಯಾನು ಎಂದು ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಊರಿನ ಯಜಮಾನ ಚಿಕ್ಕಬಸಪ್ಪ ಅಂಗಳದ ನಡುವೆ ನಿಂತು ಕೆಮ್ಮಿದ. "ಚಲುವಯ್ಯ, ಮಾತ್ ಬೆಳುಸ್ಬ್ಯಾಡ. ಟಾರ್ಪಾಲ್ ತರಾಕೆ ಕಳ್ಸಿವ್ನಿ. ಅಂಗೇ ಸುತ್ತಿ ಟ್ರ್ಯಾಕ್ಟ್ರಿಗೆ ಆಕಮ. ನೀರು ಗೀರು ಏನೂ ಬ್ಯಾಡ. ಊರಲ್ಲಿ ಮಕ್ಳುಮರಿ ಅವೆ."

"ಮುತ್ತೈದೆ ಕಣಣ್ಣಾ," ಎಂದ ಚಲುವಯ್ಯ ಎರಡೂ ಕೈ ಜೋಡಿಸಿ. "ಒಂದು ಚೊಂಬು ಅರಿಸ್ನದ ನೀರಾದ್ರೂ ಉಯ್ಸಣ್ಣಾ. ಅಂಗೇ ಕಳುಸ್ಬ್ಯಾಡ."

ಚಿಕ್ಕಬಸಪ್ಪ ಹೆಂಗಸರ ಕಡೆ ನೋಡಿದ. ಹೆಂಗಸರು ನೆಲ ನೋಡಿದರು. ರಾಣಿಯೂ ನೆಲ ನೋಡಿದಳು. ಅಷ್ಟರಲ್ಲಿ ಕಾವ್ಯ ಹಿಂದಿನಿಂದ ಅವಳ ಸೆರಗು ಎಳೆಯತೊಡಗಿದಳು.

*

ಹೊಗೆಸೊಪ್ಪಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಬಾಯಿಗೆ ಬಿಡುವಿಲ್ಲ. ಹಸಿ ಎಲೆಯನ್ನು ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸುವ ಮೊದಲು ಕಡ್ಡಿಗೆ ಕಟ್ಟಬೇಕು. ಚಪ್ಪರದ ಕೆಳಗೆ ಎದುರುಬದುರು ಇಬ್ಬರು ಕೂರುತ್ತಾರೆ, ಒಬ್ಬಳು ಎಲೆ ಜೋಡಿಸಿ ಕೊಡುತ್ತಾಳೆ, ಇನ್ನೊಬ್ಬಳು ದಾರ ಸುತ್ತುತ್ತಾಳೆ. ಕೈಗೆ ಅಂಟು ಮೆತ್ತಿ ಕಪ್ಪಾಗುತ್ತದೆ. ಹೊತ್ತು ಹೋಗಬೇಕಾದರೆ ಮಾತೊಂದೇ ದಾರಿ. ಊರಿನಲ್ಲಿ ಯಾರ ಮಾನವೂ ಆ ಚಪ್ಪರದ ಕೆಳಗೆ ಪೂರ್ತಿ ಉಳಿದದ್ದಿಲ್ಲ ಎಂದರೆ ಸುಳ್ಳಲ್ಲ.

ಎಷ್ಟೋ ವರ್ಷ ರಾಣಿಗೆ ಎಲೆ ಕೊಡುತ್ತಿದ್ದವಳು ಸುನಂದಮ್ಮನೇ. ಅವಳಿಗೆ ಶಾಲೆಯ ಅಡುಗೆ ಕೆಲಸ ಸಿಕ್ಕ ಮೇಲೆ ಆ ಜಾಗಕ್ಕೆ ಕಾವ್ಯ ಬಂದಳು. ಶಾಲೆ ಬಿಟ್ಟ ಕೂಡಲೇ ಚೀಲ ಎಸೆದು ಅವ್ವನ ಎದುರು ಕೂರಬೇಕು. ಲೆಕ್ಕದಲ್ಲಿ ಎಷ್ಟು ಬಂತು, ಯಾವ ಪದ್ಯ ಬಾಯಿಪಾಠ ಆಯಿತು ಎಂದರೆ ರಾಣಿ ಹ್ಞೂಂಗುಟ್ಟುತ್ತಿದ್ದಳು. ಯಾರದಾದರೂ ಮನೆಯ ಸುದ್ದಿ ಬಂದರೆ ಮಾತ್ರ ಅವಳ ಕೈ ನಿಲ್ಲುತ್ತಿತ್ತು, ಮುಖ ಮೇಲೇಳುತ್ತಿತ್ತು. ಮಕ್ಕಳು ದಡ್ಡರಲ್ಲ. ಅವ್ವನ ಮುಖ ಯಾವಾಗ ಮೇಲೇಳುತ್ತದೆ ಎಂಬುದನ್ನು ಕಾವ್ಯ ಬಲುಬೇಗ ಕಲಿತಳು. ಹೋದ ವರ್ಷ ಒಂದು ದಿನ ಅವಳೇ ಸುದ್ದಿ ತೆಗೆದಳು.

"ಅವ್ವ, ಅಜ್ಜಿ ಕಣ್ಣು ತೋರ್ಸಾಕೆ ಉಣ್ಸೂರಿಗೆ ಓಗಿದ್ವಲ್ಲ, ಆಸ್ಪತ್ರೇಲಿ ಸುನಂದಕ್ಕ ಇದ್ಲು. ಅಳ್ತಿದ್ಲು."

ರಾಣಿಯ ಕೈ ನಿಂತಿತು. "ಅಳ್ತಿದ್ಲಾ? ಆಮೇಲೆ?"

"ಆಮೇಲೆ... ಡಾಕ್ಟ್ರು ಏನೋ ಅಂತಿದ್ರು."

"ಏನಂತ?"

ಕಾವ್ಯ ಎಲೆ ಜೋಡಿಸುತ್ತಾ ಜೋಡಿಸುತ್ತಾ ದನಿ ತಗ್ಗಿಸಿದಳು. "ಏಡ್ಸ್ ಅಂತ."

ಅಕ್ಕಪಕ್ಕದ ಜೋಡಿಗಳ ಕೈಗಳೂ ನಿಂತವು. "ಅಯ್ ಸುಮ್ಕಿರೇ, ಯಾರ ಮುಂದೂ ಅನ್ಬ್ಯಾಡ," ಎಂದು ರಾಣಿ ಮಗಳ ತೊಡೆ ಚಿವುಟಿದಳು. ಆ ಸಂಜೆಯೇ ನೀರು ಹಿಡಿಯುವಲ್ಲಿ, "ನಾನಂದೆ ಅನ್ಬ್ಯಾಡಿ ಕಣ್ರಮ್ಮೀ" ಎಂದು ಶುರುಮಾಡಿ ತಾನೇ ಅಂದುಬಂದಳು.

ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿತು. ಹನಗೋಡಿನ ಸಂತೆಗೆ ಹೋದ ಮಾತು ಕಟ್ಟೆಮಳಲವಾಡಿಯ ನೆಂಟರ ಬಾಯಲ್ಲಿ ತಿರುಗಿ ಬಂದಾಗ, ಅದಕ್ಕೆ ರಕ್ತಪರೀಕ್ಷೆಯೂ ಆಗಿತ್ತು, ಯಾವನೋ ಲಾರಿ ಡ್ರೈವರೂ ಸೇರಿಕೊಂಡಿದ್ದ. ಹೊರಗಿನವರೇ ಹೇಳುತ್ತಿದ್ದಾರೆಂದರೆ ನಿಜವೇ ಎಂದು ರಾಣಿ ಒಪ್ಪಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಸಮಾಧಾನವೇ ಆಯಿತು, ಸುಳ್ಳು ಹೇಳಿದ ಹಾಗಾಗಲಿಲ್ಲವಲ್ಲ ಎಂದು.

ಮಕ್ಕಳು ಮನೆಯಿಂದ ಡಬ್ಬಿ ಒಯ್ಯತೊಡಗಿದರು. ಕೊನೆಗೊಂದು ದಿನ ಸುನಂದಮ್ಮನ ಸಾರು ಮುಟ್ಟುವವರೇ ಇರಲಿಲ್ಲ. ನಾಳೆಯಿಂದ ಬರಬೇಡ ಎಂದರು ಶಾಲೆಯವರು. ಅವಳು ಪಾತ್ರೆಯನ್ನೆಲ್ಲ ಬೆಳಗಿ ಬೋರಲು ಹಾಕಿ ಮನೆಗೆ ನಡೆದಳು. ದಾರಿಯಲ್ಲಿ ರಾಣಿಯ ಬಾಗಿಲು ಸಿಕ್ಕಿತು. ರಾಣಿ ಒಳಗಿದ್ದೂ ಹೊರಗೆ ಬರಲಿಲ್ಲ.

*

ರಾಗಿಹುಲ್ಲಿನ ಮೆದೆಯ ಮರೆಗೆ ಬಂದ ಮೇಲೂ ಕಾವ್ಯ ಸೆರಗು ಬಿಡಲಿಲ್ಲ.

"ಅವ್ವ, ಚಲುವಯ್ಯ ಮಾವ ಏಳ್ತಿರದೇ ನಿಜ."

"ನಿಂಗೇನೇ ಗೊತ್ತು?"

"ನಾನು ಡಾಕ್ಟ್ರನ್ನ ನೋಡೇ ಇಲ್ಲ."

ರಾಣಿಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದು ಎಂದೂ ಅನಿಸಿತು. "ಕಿವಿಯಾರ ಕೇಳಿಸ್ಕಂಡೋಳಂಗೆ ಅಂದ್ಯಲ್ಲೇ!"

"ಸುನಂದಕ್ಕ ಕಣ್ಣೊರೆಸ್ಕಂಡು ಆಚೆಗೆ ಬಂದ್ಲು, ಅಷ್ಟೇ. ನೀನು ಆಮೇಲೆ ಏನು, ಆಮೇಲೆ ಏನು ಅಂತಿದ್ದೆ. ಆಸ್ಪತ್ರೆ ಗ್ವಾಡೆ ಮ್ಯಾಲೆ ಏಡ್ಸ್ ಅಂತ ದೊಡ್ಡದಾಗಿ ಬರ್ದಿದ್ರು. ಬಾಯಿಗೆ ಅದು ಬಂತು."

"ಮುಂಚೇನೇ ಯಾಕೆ ಬಗುಳ್ನಿಲ್ಲ?"

"ಆಮೇಲೆ ಎಲ್ರೂ ಅಂದ್ರಲ್ಲ. ನಿಜವಾಗ್ಲೂ ಅದೇ ಇರ್ಬೇಕು ಅಂದ್ಕಂಡೆ."

ರಾಣಿಯ ಕೈ ತಾನಾಗಿ ಮೇಲೆದ್ದಿತು. ಹೊಡೆಯಲಾಗಲಿಲ್ಲ. ಮಗಳು ಹೇಳಿದ ಕೊನೆಯ ಮಾತು ತನ್ನದೇ ಮಾತಾಗಿತ್ತು. ಮೆದೆಗೆ ಒರಗಿ ನಿಂತಳು. ಒಂದು ವರ್ಷ! ಒಂದು ಹೆಂಗಸು ಒಂದು ವರ್ಷ ಗಂಟು ಕಟ್ಟಿಕೊಂಡು ಒಳಗೇ ಕೂತಿದ್ದಳು, ತಮ್ಮ ಕಣ್ಣಿಗೆ ಹೆದರಿ.

"ಯಾರ ಮುಂದೂ ಉಸಿರೆತ್ಬ್ಯಾಡ," ಎಂದಳು. ತಾಯಿಯ ಬಾಯಿಗೆ ಮೊದಲು ಬಂದದ್ದು ಅದೇ. "ಗೊತ್ತಾದ್ರೆ ಊರ್ನೋರು ನಿನ್ನ ಉಳುಸಾಕಿಲ್ಲ. ನಡಿ ಮನೆಗೆ."

ಕಾವ್ಯ ಕದಲಲಿಲ್ಲ. ಬೇಲಿಯಾಚೆ ಟ್ರ್ಯಾಕ್ಟರು ಬಂದು ನಿಂತ ಸದ್ದಾಯಿತು. ಯಾರೋ ಟಾರ್ಪಾಲನ್ನು ಅಂಗಳಕ್ಕೆ ಎಸೆದರು. ಚಲುವಯ್ಯ ಚಿಕ್ಕ ಮಕ್ಕಳ ಹಾಗೆ ಜೋರಾಗಿ ಅಳತೊಡಗಿದ.

ರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿ ದಾಟಿದಳು.

"ಏಯ್ ರಾಣಿ, ಎಲ್ಲಿಗವ್ವ?" ಎಂದ ಚಿಕ್ಕಬಸಪ್ಪ.

"ನೀರುಯ್ಯಾಕೆ."

ಹಿತ್ತಲ ಕಡೆ ಎರಡು ಸೀರೆ ಮರೆ ಕಟ್ಟಿ ರಾಮಮ್ಮ ದೂರದಿಂದಲೇ ಹೇಳಿಕೊಟ್ಟಳು. ರಾಣಿ ಒಬ್ಬಳೇ ರವಿಕೆಯ ಗುಂಡಿ ಬಿಚ್ಚಿದಳು. ಬಿಚ್ಚಿದವಳು ಅಲ್ಲೇ ಕೂತುಬಿಟ್ಟಳು. ಎಡ ಎದೆ ಕಲ್ಲಾಗಿ ಒಡೆದಿತ್ತು. ಹಳೆಯ ಪಂಚೆಯ ಚೂರುಗಳನ್ನು ಮಡಿಸಿ ಮಡಿಸಿ ಗಾಯಕ್ಕೆ ಒತ್ತಿ ಕಟ್ಟಿಕೊಂಡಿದ್ದಳು ಪುಣ್ಯಾತಗಿತ್ತಿ, ಹೊರಗೆ ಯಾರಿಗೂ ವಾಸನೆ ಬಾರದ ಹಾಗೆ.

"ಏನವ್ವ ಅದು?" ಎಂದಳು ರಾಮಮ್ಮ. ಹತ್ತಿರ ಬಂದು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಅಂದಳು: "ಆ ಕಾಯಿಲೇನೇ ಆಗಿದ್ರೂ ಸತ್ತೋಳಿಗೆ ಒಂದು ಚೊಂಬು ನೀರು ಬ್ಯಾಡ ಅನ್ನಬೌದಿತ್ತಾ, ನಾವು?"

ರಾಣಿ ನೀರೆರೆದಳು. ಗಾಯದ ಸುತ್ತ ಬೆರಳಿನಿಂದಲೇ ತೊಳೆದಳು. ಬಳೆ ತೊಡಿಸುವಾಗ ಕೈ ಎಷ್ಟು ಬಡಕಲಾಗಿತ್ತೆಂದರೆ ಬಳೆಗಳು ಮೊಣಕೈಯವರೆಗೆ ಜಾರಿದವು. ಸೀರೆ ಉಡಿಸಿ, ಕುಂಕುಮವಿಟ್ಟು, ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಬಂದು ನಿಂತಳು.

"ಅವಳಿಗೆ ಆ ಕಾಯಿಲೆ ಇರ್ನಿಲ್ಲ," ಎಂದಳು. ದನಿ ಬೇಲಿಯಾಚೆಯವರೆಗೆ ಕೇಳಿಸಿತು. "ಎದೇಲಿ ಗಂಟು. ನನ್ನ ಕಣ್ಣಾರ ನೋಡ್ದೆ. ಕಾಯಿಲೆ ಮಾತು ಕಟ್ಟಿದ್ದು ನನ್ನ ಮಗಳು. ಕೇಳಿ ಕೇಳಿ ಕಟ್ಸಿದ್ದು ನಾನು. ಊರಿಗೆಲ್ಲ ಅಂಚಿದ್ದೂ ನಾನೇ."

ಚಿಕ್ಕಬಸಪ್ಪ ಅಂಗಳದಲ್ಲಿ ಬಿದ್ದಿದ್ದ ಟಾರ್ಪಾಲನ್ನು ಕಾಲಿನಿಂದ ಬದಿಗೆ ಸರಿಸಿದ. ಚಲುವಯ್ಯ ರಾಣಿಯನ್ನು ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಅವನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲವೇನೋ.

ಹೆಣ ತಂದು ಜಗಲಿಗೆ ಒರಗಿಸಿದರು. ಬೇಲಿಯ ಹೆಂಗಸರಲ್ಲಿ ಮೊದಲು ಒಬ್ಬಳು ಒಳಗೆ ಬಂದಳು. ಆಮೇಲೆ ಎಲ್ಲರೂ ನುಗ್ಗಿದರು. ಹೂ ಮುಡಿಸಿದರು, ಕಾಲಿಗೆ ಬಿದ್ದರು, "ನಮ್ಮವ್ವಾ, ನಮಗೊಂದು ಮಾತು ಏಳಬಾರ್ದಿತ್ತೇನೇ" ಎಂದು ಗೋಳಾಡಿದರು, ಹಣೆಯ ಕುಂಕುಮ ಮುಟ್ಟಿ ಮುಟ್ಟಿ ತಮ್ಮ ಹಣೆಗೆ ಹಚ್ಚಿಕೊಂಡರು. ನಡುನಡುವೆ ಒಬ್ಬರ ಕಿವಿಗೆ ಒಬ್ಬರು ಬಾಗುತ್ತಲೂ ಇದ್ದರು. ರಾಣಿಗೆ ತುಂಡು ಮಾತುಗಳು ಕೇಳಿಸಿದವು. "...ಆ ಉಡ್ಗಿಯಂತೆ..." "...ಸುನಂದಂಗೆ ಮದ್ದಾಕಿದ್ಲಂತೆ ಸಾರಲ್ಲಿ..." ಹೆಣ ಇನ್ನೂ ಎದ್ದಿರಲಿಲ್ಲ.

ಬಾಯಿಗೆ ಅಕ್ಕಿ ಹಾಕುವ ಹೊತ್ತು ಬಂತು. "ಎಲ್ರೂ ಬಂದು ಒಂದೊಂದ್ ಕಾಳು ಬುಡ್ರಿ," ಎಂದಳು ರಾಮಮ್ಮ ಮೊರ ಹಿಡಿದು.

ರಾಣಿ ಮಗಳ ಒಂದು ಮುಷ್ಟಿಗೆ ಅಕ್ಕಿ ಇಟ್ಟು, ಇನ್ನೊಂದು ಕೈ ಹಿಡಿದು ಕರೆತಂದಳು. ದಾರಿಯಲ್ಲಿ ಕೂತಿದ್ದ ಕಾವ್ಯಳ ಕ್ಲಾಸಿನ ಹುಡುಗಿಯರು ಮೊಣಕಾಲು ಮಡಚಿ ಒತ್ತರಿಸಿಕೊಂಡರು. ಹಣೆ ತುಂಬ ಸುನಂದಮ್ಮನ ಕುಂಕುಮ ಹಚ್ಚಿಕೊಂಡಿದ್ದ ಹೆಂಗಸೊಬ್ಬಳು ಕಾವ್ಯ ಸೋಕದಂತೆ ತನ್ನ ಸೆರಗನ್ನು ಎಳೆದುಕೊಂಡಳು.

ಕಾವ್ಯ ಹೆಣದ ಮುಂದೆ ನಿಂತಳು. ಮುಷ್ಟಿ ಬಿಚ್ಚಲಿಲ್ಲ. ರಾಣಿ ಪಕ್ಕದಲ್ಲಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆವರಿಗೆ ನೆಂದ ಅಕ್ಕಿ ಅಂಗೈಗೆ ಅಂಟಿಕೊಂಡಿತ್ತು. ಕೈ ಮಗುಚಿದರೂ ಒಂದು ಕಾಳೂ ಬೀಳಲಿಲ್ಲ.