ನಯನಳ ಡಿ ಡ್ರೈವ್

ಸೋಮಶೇಖರ್ ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಪಟ್ಟಿಯ ಮೂರನೆಯ ಸಾಲಿನ ಮೇಲೆ ಬಾಣವನ್ನು ತಂದು ನಿಲ್ಲಿಸಿ ಹೆಂಡತಿಯ ಬೆನ್ನು ನೋಡಿದ. ನಯನ ಕಿಟಕಿ ಪಕ್ಕ ಕಸೂತಿ ಮಿಷನ್ನಿಗೆ ದಾರ ಪೋಣಿಸುತ್ತಿದ್ದಳು.

"ಡಿ ಡ್ರೈವ್ ಮುಟ್ಬೇಡಿ ಕಣ್ರೀ. ನನ್ ಡಿಸೈನೆಲ್ಲ ಅದ್ರಲ್ಲೇ ಅವೆ. ಮೂಗೂರು ಮದ್ವೆ ಹುಡ್ಗಿ ಬ್ಲೌಸು ಸೋಮವಾರ ಕೊಡ್ಬೇಕು."

"ಕಂಪ್ಯೂಟರ್ ಮೇಷ್ಟ್ರಿಗೇ ಪಾಠನಾ? ಸಿ ಡ್ರೈವಲ್ಲಿ ಖಾಲಿ ಇರೋ ಜಾಗ ಕತ್ತರಿಸಿ ಲಿನಕ್ಸ್ ಹಾಕ್ತೀನಿ. ನಿನ್ ವಿಂಡೋಸೂ ಇರುತ್ತೆ. ಸುಮ್ನೆ ದಾರ ಪೋಣಿಸು."

ಲಿನಕ್ಸ್ ತೋರಿಸಿದ ಆ ಪಟ್ಟಿಯಲ್ಲಿ ಸಿ, ಡಿ ಎಂದೇನೂ ಬರೆದಿರಲಿಲ್ಲ, ಬರೀ ಅಂಕಿಗಳು. ಆದರೂ ಮೂರನೆಯದು ಯಾವುದೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅದೇ ಅವಳ ಡಿ: ಆರು ವರ್ಷದಿಂದ ಕೂಡಿಟ್ಟ ನವಿಲು, ಗಿಳಿ, ಮಲ್ಲಿಗೆಬಳ್ಳಿ. ಒಂದೊಂದು ಹೊಲಿಗೆಯೂ ಅವಳೇ ಜೋಡಿಸಿದ್ದು. ಅವುಗಳಿಂದಾಗಿಯೇ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು "ನಯನಕ್ಕನ ಯಜಮಾನ್ರಲ್ವಾ?" ಎಂದು ಅವನನ್ನು ಗುರುತು ಹಿಡಿಯುತ್ತಿದ್ದರು. ಹನ್ನೊಂದು ವರ್ಷದಿಂದ ಆ ಊರಿಗೇ ಕಂಪ್ಯೂಟರ್ ಕಲಿಸುತ್ತಿದ್ದವನನ್ನು!

ಅಳಿಸಿದರೆ ಮತ್ತೆ ಸಿಗದು ಎಂದು ಪರದೆ ಎಚ್ಚರಿಸಿತು. ಅವನು ಒತ್ತಿದ.

ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಮತ್ತೆ ಶುರುವಾಯಿತು. ನಯನ ವಿಂಡೋಸಿಗೇ ಹೋಗಿ ಹುಡುಕಿದಳು. ಸಿ ಇತ್ತು.

"ಡಿ ಎಲ್ರೀ?"

"ಅಯ್ಯೋ, ಕೈತಪ್ಪಿ ಹೋಯ್ತೇನೋ ಕಣೇ."

ಅವನ ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. ಹಿಂದಿನ ದಿನ ಅವಳು ಬಿಳಿಗೆರೆಗೆ ಹೋಗಿದ್ದಾಗ ಎಲ್ಲವನ್ನೂ ಅದಕ್ಕೆ ಇಳಿಸಿಕೊಂಡಿದ್ದ. ಅವಳು ಅಳಬೇಕು, ಏನಾದರೂ ಮಾಡಿ ಎಂದು ಗೋಗರೆಯಬೇಕು; ಸಾಕಷ್ಟು ಸತಾಯಿಸಿದ ಮೇಲೆ ತಾನೇ ಉಳಿಸಿದವನಂತೆ ಕೊಡಬೇಕು ಎಂಬುದು ಅವನ ಲೆಕ್ಕ.

ನಯನ ಅಳಲಿಲ್ಲ. ಟ್ರೇಸಿಂಗ್ ಹಾಳೆ ಹಾಸಿ, ಪೆನ್ಸಿಲ್ಲಿನಲ್ಲಿ ನವಿಲಿನ ಕತ್ತು ಎಳೆಯತೊಡಗಿದಳು. ಸರಿಬಾರದೆ ಉಜ್ಜಿದಳು, ಮತ್ತೆ ಎಳೆದಳು.

"ಸದ್ಯ, ಮಿಷನ್ನು ಬಂದ್ಮೇಲೆ ಏರಿದ್ದ ಸೊಕ್ಕು ಇಳೀತು," ಎಂದಳು ಅತ್ತೆ ಮಂಗಳಗೌರಿ, ಬಾಗಿಲಲ್ಲೇ ನಿಂತು.

ಮಿಷನ್ನಿಗೆ ಹಾಕಲು ಡಿಸೈನಿಲ್ಲದೆ ಕೈಯಲ್ಲೇ ಕಸೂತಿ ಹಾಕಿ ಹಾಕಿ, ಭಾನುವಾರ ಸಂಜೆಗೆ ನಯನಳ ಬೆರಳು ಊದಿತ್ತು; ಸೂಜಿ ಹಿಡಿಯಲಾಗದೆ ಅದಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ಬ್ಲೌಸಿನ ನವಿಲಿಗೆ ಒಂದೇ ರೆಕ್ಕೆ ಬಂದಿತ್ತು. ಸೋಮಶೇಖರನಿಗೆ ಇನ್ನು ತಡೆಯಲಾಗಲಿಲ್ಲ. ಪೆನ್‌ಡ್ರೈವನ್ನು ಅವಳ ಮುಂದಿದ್ದ ಬ್ಲೌಸಿನ ಮೇಲೆ ಎಸೆದ.

"ತಗೋ. ಎಲ್ಲಾ ಇದ್ರಲ್ಲೇ ಅದೆ. ಬಾಯ್ಬಿಟ್ಟು ಕೇಳಿದ್ರೆ ನಿನ್ನೇನೇ ಕೊಡ್ತಿದ್ದೆ."

"ಯಾವತ್ತು ಕಾಪಿ ಮಾಡಿದ್ದು?"

"ಶುಕ್ರವಾರ," ಎಂದುಬಿಟ್ಟ.

"ಅಳಿಸಿದ್ದು ಶನಿವಾರ."

ಅವನು ನಕ್ಕುಬಿಡಲು ನೋಡಿದ. "ಅದೆಲ್ಲ ಈಗ್ಯಾಕೆ? ಬೆಳಗ್ಗೆ ಆ ಹುಡ್ಗಿ ಬತ್ತಾಳೆ. ಹಿಡ್ಕೊ."

ನಯನ ಅದನ್ನು ಸ್ಕೇಲಿನ ತುದಿಯಿಂದ ನೆಲಕ್ಕೆ ತಳ್ಳಿ, ಊದಿದ ಬೆರಳಲ್ಲೇ ಮತ್ತೆ ಸೂಜಿ ಎತ್ತಿಕೊಂಡಳು.

"ನಂಗೆ ಬ್ಯಾಡ."